17ಸಿ ಫಾರಂ ಅದೇ ರಾತ್ರಿ ಯಾಕೆ ಕಾಣಬಾರದು? ಮುಖ್ಯ ಚುನಾವಣಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಚುನಾವಣಾ ಆಯುಕ್ತರಿಗೆ,

ನಮಸ್ಕಾರ. ನಾನು ಕೇಳುವುದು ಒಂದೇ. ಮತದಾನ ಮುಗಿದ ರಾತ್ರಿಯೇ ಪ್ರತಿ ಮತಗಟ್ಟೆಯ 17ಸಿ ಫಾರಂನ, ಅಂದರೆ ಅಲ್ಲಿ ಒಟ್ಟು ಎಷ್ಟು ವೋಟು ಬಿತ್ತು ಅನ್ನುವ ಲೆಕ್ಕದ ಹಾಳೆಯ, ಫೋಟೊವನ್ನು ಆಯೋಗದ ವೆಬ್‌ಸೈಟಿನಲ್ಲಿ ಹಾಕಿಸಿ.

2024ರ ಲೋಕಸಭಾ ಚುನಾವಣೆಯ ಮೊದಲ ಹಂತ ಏಪ್ರಿಲ್ 19ರಂದು ನಡೆಯಿತು. ಅವತ್ತು ಸಂಜೆ ಆಯೋಗ ಹೇಳಿದ ಮತದಾನದ ಪ್ರಮಾಣ ಸುಮಾರು ಶೇ 60. ಏಪ್ರಿಲ್ 30ಕ್ಕೆ ಹೊರಬಂದ ಲೆಕ್ಕ ಶೇ 66.14. ಅದೂ ಬರೀ ಶೇಕಡಾವಾರು, ಎಷ್ಟು ಜನ ವೋಟು ಹಾಕಿದರು ಅನ್ನುವ ಸಂಖ್ಯೆಯೇ ಇಲ್ಲ. ಐದು ಹಂತಗಳ ಸಂಖ್ಯೆ ಸಿಕ್ಕಿದ್ದು ಮೇ 25ಕ್ಕೆ, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ.

ಇದರಲ್ಲಿ ಮೋಸ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಸಂಜೆ ಕ್ಯೂನಲ್ಲಿ ನಿಂತವರು ವೋಟು ಹಾಕಿ ಮುಗಿಸಬೇಕು, ದೂರದ ಮತಗಟ್ಟೆಗಳಿಂದ ಮಾಹಿತಿ ಬರಬೇಕು. ಸಂಖ್ಯೆ ಏರುವುದು ಸಹಜ. ಆದರೆ ಆಯೋಗ ಸುಮ್ಮನಿದ್ದ ಆ ಹನ್ನೊಂದು ದಿನ ವಾಟ್ಸ್‌ಆ್ಯಪ್ ಸುಮ್ಮನಿರಲಿಲ್ಲ.

ವಿಚಿತ್ರ ಅಂದರೆ, ಪ್ರತಿ ಮತಗಟ್ಟೆಯ ಲೆಕ್ಕ ಅವತ್ತೇ ಸಿದ್ಧವಾಗಿರುತ್ತದೆ. ಕೊನೆಯ ವೋಟು ಬಿದ್ದ ಮೇಲೆ ಪಿಆರ್‌ಓ (ಮತಗಟ್ಟೆಯ ಮುಖ್ಯ ಅಧಿಕಾರಿ) ಇವಿಎಂನ ಕಂಟ್ರೋಲ್ ಯೂನಿಟ್‌ನ ಕ್ಲೋಸ್ ಬಟನ್ ಒತ್ತುತ್ತಾರೆ. ಟೋಟಲ್ ನೋಡಿ, ವೋಟು ಹಾಕಲು ಬಂದವರನ್ನು ದಾಖಲಿಸುವ 17ಎ ರಿಜಿಸ್ಟರಿನ ಜೊತೆ ತಾಳೆ ಹಾಕುತ್ತಾರೆ. 17ಸಿ ತುಂಬಿ, ಸಹಿ ಹಾಕಿ, ಅಲ್ಲಿರುವ ಅಭ್ಯರ್ಥಿಗಳ ಏಜೆಂಟರಿಗೆ ಒಂದೊಂದು ಪ್ರತಿ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೇ ಯಂತ್ರ, ಕಾಗದಪತ್ರ ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರಕ್ಕೆ ಬಸ್ಸು ಹತ್ತುವುದು. ಈ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಟೀಚರುಗಳು. ಅವರು ನಿಯತ್ತಾಗಿ ಬರೆದ ಹಾಳೆಯನ್ನು ತೋರಿಸಲು ಹಿಂಜರಿಕೆ ಯಾಕೆ?

ಏಜೆಂಟರ ಹತ್ತಿರ ಪ್ರತಿ ಇರುತ್ತದಲ್ಲ ಅನ್ನಬಹುದು. ದೇಶದಲ್ಲಿ ಹತ್ತೂವರೆ ಲಕ್ಷ ಮತಗಟ್ಟೆಗಳಿದ್ದವು. ಅಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಾಸರಿ 1,900ಕ್ಕೂ ಜಾಸ್ತಿ. ಅಷ್ಟೂ ಕಡೆ ಏಜೆಂಟರನ್ನು ಕೂರಿಸುವ ತಾಕತ್ತು ದೊಡ್ಡ ಪಕ್ಷಗಳಿಗೆ ಮಾತ್ರ. ಪಕ್ಷೇತರ ಎಲ್ಲಿಗೆ ಹೋಗಬೇಕು? ಮಾಮೂಲಿ ಮತದಾರ ಯಾರನ್ನು ಕೇಳಬೇಕು?

ಬೇರೆ ದೊಡ್ಡ ದೇಶಗಳು ಏನು ಮಾಡಿದವು ನೋಡಿ. ಬ್ರೆಜಿಲ್‌ನಲ್ಲಿ ನಮ್ಮ ಹಾಗೆ, ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿಯೂ ಇಲ್ಲ. ಆದರೆ ಮತದಾನ ಮುಗಿದೊಡನೆ ಯಂತ್ರದಿಂದ ದಿನಸಿ ಅಂಗಡಿಯ ಬಿಲ್ಲಿನಂಥ ಉದ್ದನೆಯ ಚೀಟಿ ಹೊರಬರುತ್ತದೆ. ಯಾರಿಗೆ ಎಷ್ಟು ವೋಟು ಅನ್ನುವುದು ಅದರಲ್ಲೇ ಇರುತ್ತದೆ, ಕ್ಯೂಆರ್ ಕೋಡ್ ಸಮೇತ. ಒಂದು ಪ್ರತಿಯನ್ನು ಮತಗಟ್ಟೆಯ ಬಾಗಿಲಿಗೇ ಅಂಟಿಸುತ್ತಾರೆ. 2022ರ ಅಕ್ಟೋಬರ್ 30ರಂದು ಅಧ್ಯಕ್ಷ ಚುನಾವಣೆಯಲ್ಲಿ ಲೂಲಾ ಗೆದ್ದಿದ್ದು ಶೇ 50.9 ವೋಟಿನಿಂದ. ಅಷ್ಟು ಕೂದಲೆಳೆ ಅಂತರದಲ್ಲೂ ಫಲಿತಾಂಶ ಅದೇ ರಾತ್ರಿ ಬಂತು. ನಂಬದವರು ಇದ್ದೇ ಇದ್ದರು. 2023ರ ಜನವರಿ 8ರಂದು ರಾಜಧಾನಿಯಲ್ಲಿ ದಾಂಧಲೆಯೂ ಆಯಿತು. ಆದರೆ ಲೆಕ್ಕ ಮುಚ್ಚಿಟ್ಟಿದ್ದಾರೆ ಅನ್ನಲು ದಾರಿ ಇರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇಂಡೋನೇಷ್ಯಾ. 2024ರ ಫೆಬ್ರವರಿ 14ರಂದು, ಒಂದೇ ದಿನ, 20 ಕೋಟಿಗೂ ಹೆಚ್ಚು ಮತದಾರರಿಗೆ ಚುನಾವಣೆ. ಅಲ್ಲಿ ಮತಗಟ್ಟೆಯಲ್ಲೇ ಎಣಿಕೆ. ಒಂದೊಂದೇ ಮತಪತ್ರ ಬಿಡಿಸಿ ಎಲ್ಲರಿಗೂ ತೋರಿಸುತ್ತಾರೆ, ದೊಡ್ಡ ಹಾಳೆಯ ಮೇಲೆ ಐದೈದು ಗೆರೆ ಎಳೆದು ಲೆಕ್ಕ ಇಡುತ್ತಾರೆ. ಆಮೇಲೆ ಆ ಹಾಳೆಯ ಫೋಟೊ 'ಸಿರೆಕಾಪ್' ಅನ್ನುವ ಆ್ಯಪ್‌ಗೆ ಹೋಗುತ್ತದೆ. ಆ ಸಲ ಆ್ಯಪ್ ಕೈಬರಹವನ್ನು ತಪ್ಪಾಗಿ ಓದಿತು. 300 ಮತದಾರರ ಮಿತಿ ಇರುವ ಮತಗಟ್ಟೆಗಳಲ್ಲಿ ಒಬ್ಬ ಅಭ್ಯರ್ಥಿಗೇ ಅದಕ್ಕಿಂತ ಜಾಸ್ತಿ ವೋಟು ಕಂಡಿತು! ಗಲಾಟೆ ಎದ್ದಿತು. ಆದರೆ ತಪ್ಪು ಗೊತ್ತಾಗಿದ್ದು ಹೇಗೆ? ಪಕ್ಕದಲ್ಲೇ ಮೂಲ ಹಾಳೆಯ ಫೋಟೊ ಇತ್ತಲ್ಲ, ಅದರಿಂದ. 'ಕವಾಲ್ ಪೆಮಿಲು' ಅನ್ನುವ ಸ್ವಯಂಸೇವಕರ ಗುಂಪು 2014ರಿಂದಲೂ ಇಂಥ ಹಾಳೆಗಳನ್ನು ನೋಡಿ ತನ್ನದೇ ಲೆಕ್ಕ ಹಾಕುತ್ತಿದೆ. ಅಲ್ಲಿನ ಆಯೋಗಕ್ಕೆ ಮುಜುಗರ ಆಗಿರಬಹುದು, ಆದರೆ ತಪ್ಪು ಮುಚ್ಚಿಹೋಗಲಿಲ್ಲ.

ನೈಜೀರಿಯಾದ ಕಥೆ ಬೇರೆ. 2023ರ ಫೆಬ್ರವರಿ 25ರ ಚುನಾವಣೆಗೆ ಮುಂಚೆ, ಪ್ರತಿ ಮತಗಟ್ಟೆಯ ಫಲಿತಾಂಶ ಆನ್‌ಲೈನ್‌ಗೆ ಬರುತ್ತದೆ ಅಂತ ಅಲ್ಲಿನ ಆಯೋಗ ಮಾತು ಕೊಟ್ಟಿತ್ತು. ಅಧ್ಯಕ್ಷ ಚುನಾವಣೆಯ ಹಾಳೆಗಳೇ ಹೊತ್ತಿಗೆ ಸರಿಯಾಗಿ ಬರಲಿಲ್ಲ. ತಾಂತ್ರಿಕ ದೋಷ ಅಂದರು. ಅಲ್ಲಿನ ಸುಪ್ರೀಂ ಕೋರ್ಟ್ ಫಲಿತಾಂಶ ಎತ್ತಿಹಿಡಿಯಿತು, ಜನರ ಅನುಮಾನ ಮಾತ್ರ ಉಳಿಯಿತು. ಹಾಗಾಗಿ ತಯಾರಿ ಇಲ್ಲದೆ ಘೋಷಣೆ ಮಾಡಿ ಅಂತ ನಾನು ಕೇಳುವುದಿಲ್ಲ.

17ಸಿ ಚಿತ್ರಗಳನ್ನು ತಿದ್ದಿ ಹರಡುವ ಅಪಾಯ ಇದೆ ಅಂತ ನಮ್ಮ ಆಯೋಗ ಕೋರ್ಟಿನಲ್ಲಿ ಹೇಳಿದೆ. ಅಪಾಯ ನಿಜ. ಆದರೆ ಈಗ ಯಾರಾದರೂ ಸುಳ್ಳು ಹಾಳೆ ಹರಡಿದರೆ ನಾವು ಅದನ್ನು ಯಾವುದಕ್ಕೆ ಹೋಲಿಸಿ ನೋಡಬೇಕು? ಮೂಲ ಪ್ರತಿ ನಿಮ್ಮ ವೆಬ್‌ಸೈಟಿನಲ್ಲೇ ಇದ್ದರೆ, ಸುಳ್ಳು ಎರಡೇ ನಿಮಿಷದಲ್ಲಿ ಬಯಲಾಗುತ್ತದೆ ಅಲ್ವಾ?

ಅಳಿಸದ ಶಾಯಿ ನಮ್ಮ ಮೈಸೂರಿನದು. ಇವಿಎಂ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಒಂದು ಹಾಳೆಯ ಫೋಟೊ ಹಾಕುವುದು ಈ ದೇಶಕ್ಕೆ ಆಗದ ಕೆಲಸವಲ್ಲ. ಮುಂದಿನ ಯಾವುದಾದರೂ ಉಪಚುನಾವಣೆಯ ಒಂದೇ ಕ್ಷೇತ್ರದಲ್ಲಿ ಮಾಡಿ ನೋಡಿ. ಡಿಮಸ್ಟರಿಂಗ್ ಕೌಂಟರಿನಲ್ಲಿ ಒಂದು ಸ್ಕ್ಯಾನರ್ ಇಡಿ. ಪಿಆರ್‌ಓಗೆ ಹೊಸ ಕೆಲಸ ಹೊರಿಸಬೇಡಿ, ಅವರಿಗೆ ಈಗಿರುವುದೇ ಸಾಕಷ್ಟಿದೆ. ಎಲ್ಲಿ ತೊಡಕಾಯಿತು ಅನ್ನುವುದನ್ನೂ ಪ್ರಕಟಿಸಿ. ಅದು ಸರಿಹೋದ ಮೇಲೆ ಇಡೀ ದೇಶಕ್ಕೆ ದಿನಾಂಕ ಹೇಳಿ.

ಇಂತಿ ವಂದನೆಗಳೊಂದಿಗೆ,
ಕರ್ನಾಟಕದ ಒಬ್ಬ ಮತದಾರ