ಬರ್ಬ್ಯಾಂಕ್, ಶಲ್ ಮತ್ತು ಅವರವರ ಗಿಡಗಳು

ಸಂಪಾದಕರಿಗೆ,

ಕೃಷಿ ಸಸ್ಯವಿಜ್ಞಾನದ ಹಿರಿಯರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಹೊಸ ತಳಿ ಬೆಳೆಸಿದ ಅಮೆರಿಕದ ಇಬ್ಬರಲ್ಲಿ ಲೂಥರ್ ಬರ್ಬ್ಯಾಂಕ್ ಲೆಕ್ಕವಿಡದ ತೋಟಗಾರ, ಜಾರ್ಜ್ ಶಲ್ ನಿಜವಾದ ವಿಜ್ಞಾನಿ ಎಂದು ಎರಡೇ ಸಾಲಲ್ಲಿ ತೀರ್ಪು ಕೊಟ್ಟದ್ದು ಸರಿ ಕಾಣಲಿಲ್ಲ. ಇಬ್ಬರೂ ಕೆಲಸ ಮಾಡುತ್ತಿದ್ದ ರೀತಿ ಬೇರೆ ಬೇರೆ, ಅದು ನಿಜ. ಅದಕ್ಕೆ ಅವರ ಸ್ವಭಾವ ಎಷ್ಟು ಕಾರಣವೋ ಅವರು ಹಿಡಿದ ಬೆಳೆಯೂ ಅಷ್ಟೇ ಕಾರಣ. ಲೇಖನದಲ್ಲಿ ಆ ಮಾತೇ ಬಂದಿಲ್ಲ. ಸಸ್ಯತಳಿಶಾಸ್ತ್ರ ಪಾಠ ಮಾಡುವವಳಾಗಿ ನನಗೆ ಸುಮ್ನೆ ಇರಲು ಆಗಲಿಲ್ಲ.

ಬರ್ಬ್ಯಾಂಕ್ 1875ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾಕ್ಕೆ ಬಂದರು. 1926ರಲ್ಲಿ ಅಲ್ಲೇ ತೀರಿಕೊಂಡರು. ಅಷ್ಟರಲ್ಲಿ 800ಕ್ಕೂ ಹೆಚ್ಚು ಹೊಸ ತಳಿಗಳನ್ನು ಹೊರಗೆ ತಂದಿದ್ದರು. ಅವರು ಎರಡು ಗಿಡಗಳನ್ನು ಸೇರಿಸುತ್ತಿದ್ದ ಬಗೆ ನೋಡಿ. ಹೂವಿನ ದಳವನ್ನೂ ಕೇಸರವನ್ನೂ ಚಾಕುವಿನಿಂದ ಸುತ್ತ ಕೊಯ್ದು ತೆಗೆಯುತ್ತಿದ್ದರು. ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ಮಾತ್ರ ಉಳಿಯುತ್ತಿತ್ತು. ಅದಕ್ಕೆ ಬೇರೆ ಗಿಡದ ಪರಾಗವನ್ನು ಬೆರಳ ತುದಿಯಿಂದ ಸವರುತ್ತಿದ್ದರು. ಮೇಲೆ ಚೀಲ ಕಟ್ಟುವುದು ಅಪರೂಪ. ದಳವೇ ಇಲ್ಲದ ಹೂವಿನ ಹತ್ತಿರ ಜೇನುನೊಣ ಸುಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಆ ಬೀಜಗಳಿಂದ ಸಾವಿರಗಟ್ಟಲೆ ಸಸಿ ಎಬ್ಬಿಸಿ, ಸಾಲಿನ ಪಕ್ಕ ನಡೆಯುತ್ತಾ ಎಲೆ, ಮೊಗ್ಗು, ಕಡ್ಡಿ ನೋಡಿ ಬೆರಳೆಣಿಕೆಯಷ್ಟನ್ನು ಆರಿಸುತ್ತಿದ್ದರು. ಮಿಕ್ಕಿದ್ದೆಲ್ಲ ಬೆಂಕಿಗೆ. ಆರಿಸಿದ ಸಸಿ ದೊಡ್ಡದಾಗಿ ಹಣ್ಣು ಬಿಡುವವರೆಗೂ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಅದರ ಕಡ್ಡಿ ಮುರಿದು ಬೆಳೆದ ಮರಕ್ಕೆ ಕಸಿ ಕಟ್ಟುತ್ತಿದ್ದರು. ಒಂದೇ ಮರದ ಮೇಲೆ ನೂರಾರು ಬೇರೆ ಬೇರೆ ಸಸಿಗಳ ಕಡ್ಡಿಗಳಿರುತ್ತಿದ್ದವು.

1881ರಲ್ಲಿ ಒಬ್ಬರು ಒಂದೇ ಹಂಗಾಮಿನಲ್ಲಿ 20,000 ಪ್ರೂನ್ (ಒಣಗಿಸಿ ಇಡುವ ಪ್ಲಮ್) ಸಸಿ ಬೇಕು ಎಂದಾಗ ಉಳಿದ ನರ್ಸರಿಯವರು ಆಗುವುದಿಲ್ಲ ಎಂದಿದ್ದರಂತೆ. ಬರ್ಬ್ಯಾಂಕ್ ಬಾದಾಮಿ ಬೀಜ ಹಾಕಿಸಿದರು, ಅದು ಬೇಗ ಮೊಳೆಯುತ್ತದೆ ಅಂತ. ಆ ಸಸಿಗಳಿಗೆ ಬೇಸಿಗೆಯಲ್ಲೇ ಪ್ರೂನ್ ಮೊಗ್ಗಿನ ಕಣ್ಣು ಕಸಿ ಕಟ್ಟಿಸಿದರು. ಹೇಳಿದ ಹೊತ್ತಿಗೆ ಬಹುಪಾಲು ಸಸಿ ತಯಾರಾದವು. ಇದನ್ನು ವಿಜ್ಞಾನ ಅಲ್ಲ ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

1905ರಲ್ಲಿ ಸಂಶೋಧನೆಗೆ ಹಣ ಕೊಡುವ ಕಾರ್ನೆಗೀ ಸಂಸ್ಥೆ ಅವರಿಗೆ ವರ್ಷಕ್ಕೆ 10,000 ಡಾಲರ್ ಅನುದಾನ ಕೊಡಲು ಶುರು ಮಾಡಿತು. ಅವರ ವಿಧಾನವನ್ನು ಬರೆದುಕೊಳ್ಳಲಿ ಎಂದು ಯುವ ವಿಜ್ಞಾನಿ ಶಲ್ ಅವರನ್ನು ಕಳಿಸಿತು. ಶಲ್‌ಗೆ ಬೇಕಿದ್ದದ್ದು ವಂಶಾವಳಿ. ಈ ಗಿಡದ ತಾಯಿ ಯಾವುದು, ತಂದೆ ಯಾವುದು, ಎಷ್ಟು ಬೀಜ ಬಿತ್ತಿದಿರಿ, ಎಷ್ಟು ಉಳಿಸಿದಿರಿ? ಬರ್ಬ್ಯಾಂಕ್ ಹತ್ತಿರ ಅದಕ್ಕೆಲ್ಲ ಬರಹದಲ್ಲಿ ಸಿಕ್ಕುತ್ತಿದ್ದ ಉತ್ತರ ತೀರಾ ಕಡಿಮೆ. ಎಲ್ಲ ಅವರ ಕಣ್ಣಲ್ಲಿ, ನೆನಪಲ್ಲಿ ಇತ್ತು. ಐದು ವರ್ಷಕ್ಕೇ ಅನುದಾನ ನಿಂತಿತು. ಶಲ್ ಬರೆಯಬೇಕಿದ್ದ ಪೂರ್ಣ ವರದಿ ಬರಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಲೇಖಕರ ತೀರ್ಪೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಬರ್ಬ್ಯಾಂಕ್ ಹಿಡಿದ ಬೆಳೆಗಳನ್ನು ಗಮನಿಸಿ. ಪ್ಲಮ್, ಪ್ರೂನ್, ಬೆರ್ರಿ, ಆಲೂಗಡ್ಡೆ. ಅವರಿಗೆ ಮೊದಲು ಹೆಸರು ತಂದ ಆಲೂಗಡ್ಡೆ ಹುಟ್ಟಿದ್ದು ಅರ್ಲಿ ರೋಸ್ ಎಂಬ ತಳಿಯ ಒಂದೇ ಒಂದು ಕಾಯಿಯಿಂದ. ಆ ತಳಿ ಕಾಯಿ ಬಿಡುವುದೇ ಅಪರೂಪ. ಒಳಗಿದ್ದದ್ದು 23 ಬೀಜ. ಅದರಲ್ಲಿ ಒಂದು ಗಿಡ ಚೆನ್ನಾಗಿ ಬಂತು. ಇಂಥ ಬೆಳೆಯಲ್ಲಿ ಒಂದು ಒಳ್ಳೆಯ ಗಿಡ ಸಿಕ್ಕರೆ ಸಾಕು. ಗಡ್ಡೆ ನೆಟ್ಟರೆ, ಕಡ್ಡಿ ಕಸಿ ಕಟ್ಟಿದರೆ ಅದೇ ಗಿಡ ಮತ್ತೆ ಮತ್ತೆ ಬರುತ್ತದೆ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದಿದ್ದರೂ ಕೆಲಸ ನಡೆಯುತ್ತದೆ. ದೊಡ್ಡ ರಾಶಿ ಬೆಳೆಸಿ ಒಂದನ್ನು ಗುರುತಿಸುವ ಕಣ್ಣೇ ಇಲ್ಲಿ ಮುಖ್ಯ ಸಾಧನ.

ಶಲ್ ಕೈಗೆ ಬಂದದ್ದು ಮೆಕ್ಕೆಜೋಳ. ಅದಕ್ಕೆ ಕಸಿ ಇಲ್ಲ, ಗಡ್ಡೆ ಇಲ್ಲ, ಬೀಜವೇ ದಾರಿ. ತುದಿಯ ಸೂಲಂಗಿಯಿಂದ, ಅಂದರೆ ಗಂಡು ಹೂಗೊಂಚಲಿನಿಂದ, ಪರಾಗ ಗಾಳಿಯಲ್ಲಿ ಹಾರಿ ಯಾವುದೋ ಗಿಡದ ತೆನೆಯ ರೇಷ್ಮೆಗೆ ಅಂಟುತ್ತದೆ. ಹೊಲದ ಒಂದೊಂದು ಗಿಡವೂ ಬೇರೆ ಬೇರೆ ಬೆರಕೆ. ಚೆನ್ನಾಗಿ ಕಂಡ ತೆನೆಯನ್ನೇ ಆರಿಸಿ ಬಿತ್ತಿದರೂ ಮುಂದಿನ ವರ್ಷ ಅದೇ ಬರುತ್ತದೆ ಎನ್ನುವಂತಿಲ್ಲ. ಹಾಗಾಗಿ ಶಲ್ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಸೂಲಂಗಿಗೂ ತೆನೆಗೂ ಚೀಲ ಕಟ್ಟಿ, ಒಂದು ಗಿಡದ ಪರಾಗವನ್ನು ಅದೇ ಗಿಡಕ್ಕೆ ಹಾಕಿದರು. ತೆನೆಯಲ್ಲಿ ಕಾಳಿನ ಸಾಲು ಎಷ್ಟಿವೆ ಎಂದು ಎಣಿಸಿ ಬರೆದಿಟ್ಟರು. ತಲೆಮಾರು ಕಳೆದಂತೆ ಗಿಡಗಳು ಕುಗ್ಗಿದವು, ತೆನೆಗಳು ಚಿಕ್ಕದಾದವು. ಹೀಗೆ ಬಂದ ಎರಡು ಬಡಕಲು ವಂಶಸಾಲುಗಳನ್ನು ಕೂಡಿಸಿದಾಗ ಬಂದ ಪೈರು ಮೂಲ ಹೊಲದ ಪೈರನ್ನೂ ಮೀರಿಸಿ ನಿಂತಿತು. 1908ರಲ್ಲಿ ಇದನ್ನು ಪ್ರಕಟಿಸಿದರು. ಹೈಬ್ರಿಡ್ ಮೆಕ್ಕೆಜೋಳದ ದಾರಿ ಅಲ್ಲಿ ತೆರೆಯಿತು. ಯಾವ ವಂಶಸಾಲನ್ನು ಯಾವುದಕ್ಕೆ ಕೂಡಿಸಿದೆ ಎಂಬ ದಾಖಲೆ ಇಲ್ಲದಿದ್ದರೆ ಆ ಬೀಜವನ್ನು ಎರಡನೇ ಸಲ ಮಾಡುವುದೇ ಅಸಾಧ್ಯ. ಇನ್ನೊಂದು ವಿಷಯ, ಸಾಂಟಾ ರೋಸಾಕ್ಕೆ ಹೋಗಿಬರುತ್ತಿದ್ದ ವರ್ಷಗಳಲ್ಲೇ ಅವರು ಈ ಪ್ರಯೋಗವನ್ನೂ ನಡೆಸುತ್ತಿದ್ದರು.

ಗಿಡ ಬದಲಾದರೆ ವಿಧಾನ ಕೈಕೊಡುತ್ತದೆ ಎನ್ನುವುದಕ್ಕೆ ಮೆಂಡೆಲ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಡ. ಬಟಾಣಿಯಲ್ಲಿ 5,474 ಗುಂಡು ಬೀಜ, 1,850 ಸುಕ್ಕು ಬೀಜ ಎಂದು ಎಣಿಸಿ ಆನುವಂಶಿಕತೆಯ ನಿಯಮ ಕಂಡುಕೊಂಡವರು ಅವರು. ಅದೇ ಶಿಸ್ತಿನಲ್ಲಿ, ಅದೇ ಎಚ್ಚರದಲ್ಲಿ ಹಾಕ್‌ವೀಡ್ ಎಂಬ ಸಣ್ಣ ಹೂವಿನ ಗಿಡದ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದರು. ಲೆಕ್ಕ ಹೊಂದಲೇ ಇಲ್ಲ. ಹಾಕ್‌ವೀಡ್ ಹೆಚ್ಚಾಗಿ ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ, ಮಕ್ಕಳೆಲ್ಲ ತಾಯಿಯ ಪಡಿಯಚ್ಚು. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ನಾರ್ಮನ್ ಬೋರ್ಲಾಗ್ ಹೆಸರು ನಿಮ್ಮ ಲೇಖನದಲ್ಲಿ ಒಂದು ಸಾಲಲ್ಲಿ ಬಂದು ಹೋಗಿದೆ. ಅವರಿಗೆ ಸಿಕ್ಕಿದ್ದು ಗೋಧಿ. ಬೇರೆ ಗಿಡದೊಂದಿಗೆ ಕೂಡಿಸಬೇಕಾದರೆ ಒಂದೊಂದು ಪುಟ್ಟ ಹೂವಿನಿಂದ ಮೂರು ಪರಾಗಕೋಶಗಳನ್ನು ಚಿಮ್ಮಟದಿಂದ ಕಿತ್ತು ತೆಗೆಯಬೇಕು. ಕೂಡಿಸಿದ ಮೇಲೆ ತಳಿ ಸ್ಥಿರವಾಗಲು ಹಲವು ತಲೆಮಾರು ಬೇಕು. ಅಷ್ಟರಲ್ಲಿ ತುಕ್ಕು ರೋಗ ಹೊಸ ರೂಪದಲ್ಲಿ ಬಂದಿರುತ್ತದೆ. ಅವರಿಗೆ ಕಮ್ಮಿ ಬಿದ್ದದ್ದು ಸಮಯ. ಮೆಕ್ಸಿಕೋದ ಸೊನೋರಾದಲ್ಲಿ ಚಳಿಗಾಲಕ್ಕೆ ಒಂದು ಬೆಳೆ, ಸುಮಾರು 2,600 ಮೀಟರ್ ಎತ್ತರದ ಟೊಲುಕಾದಲ್ಲಿ ಬೇಸಿಗೆಗೆ ಇನ್ನೊಂದು ಬೆಳೆ ತೆಗೆದರು. ಮೇಲಿನವರು ಬೇಡ ಎಂದಾಗ ರಾಜೀನಾಮೆಗೂ ಸಿದ್ಧರಾದರು. ಕೊನೆಗೆ ಕೆಲಸ ಮುಂದುವರಿಯಿತು. ಹಗಲಿನ ಉದ್ದ ಎರಡೂ ಕಡೆ ಬೇರೆ. ಎರಡೂ ಕಡೆ ತಾಳಿದ ವಂಶಸಾಲುಗಳು ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳದೆ ಎಷ್ಟೋ ದೇಶಗಳಲ್ಲಿ ಬೆಳೆದವು. ಅದನ್ನು ಅವರು ಗುರಿ ಇಟ್ಟು ಮಾಡಿದ್ದಲ್ಲ. ಅವಸರ ತಂದ ಲಾಭ ಅದು.

ಹಾಗಂತ ಬರ್ಬ್ಯಾಂಕ್ ದಾಖಲೆ ಇಡದಿದ್ದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದರಿಂದ ನಷ್ಟ ಜಾಸ್ತಿಯೇ ಆಯಿತು. ವಂಡರ್‌ಬೆರ್ರಿ ಎಂಬ ಗಿಡವನ್ನು ಎರಡು ಜಾತಿಗಳ ಬೆರಕೆ ಎಂದು ಅವರು ಹೇಳಿದರು. 1909ರಲ್ಲಿ ಅದು ದೊಡ್ಡ ಜಗಳವಾಯಿತು. ಹಳೆಯ ಕಾಡುಗಿಡಕ್ಕೆ ಹೊಸ ಹೆಸರಿಟ್ಟಿದ್ದಾರೆ ಎಂದು ಟೀಕಾಕಾರರು ಹೇಳಿದರು. ಜಗಳ ಬಗೆಹರಿಸುವಂಥ ಪುಸ್ತಕ ಅವರ ಹತ್ತಿರ ಇರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಮುಂದಿನವರಿಗೆ ಸಿಗದೇ ಹೋಯಿತು. ನನಗೆ ಇದು ನಿಜಕ್ಕೂ ಸಂಕಟ ತರುವ ಸಂಗತಿ. ಅವರು ಯಾವ ಗುರುತು ನೋಡಿ ಸಾವಿರದಲ್ಲಿ ಒಂದನ್ನು ಉಳಿಸುತ್ತಿದ್ದರು ಎಂದು ಯಾರಾದರೂ ಪಕ್ಕದಲ್ಲಿ ನಿಂತು ಪೂರ್ತಿ ಬರೆದಿದ್ದರೆ ನಮ್ಮ ವಿದ್ಯಾರ್ಥಿಗಳಿಗೆ ಇವತ್ತಿಗೂ ಅದು ಪಾಠವಾಗುತ್ತಿತ್ತು.

ಮುಂದಿನ ವಾರ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ ಬಗ್ಗೆ ಲೇಖನ ಬರುತ್ತದೆ ಎಂದು ಪ್ರಕಟಿಸಿದ್ದೀರಿ. ಅವರು 1943ರಲ್ಲಿ ಸರಾಟೋವ್ ಜೈಲಿನಲ್ಲಿ ಸತ್ತದ್ದನ್ನು ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಅದರ ಜೊತೆಗೆ ಅವರು ಹೊಲ, ಸಂತೆಗಳನ್ನು ಅಲೆದು ಬೀಜ ಕೂಡಿಸುತ್ತಿದ್ದದ್ದು ಹೇಗೆ, ಒಂದು ಬೆಳೆಯಲ್ಲಿ ಎಲ್ಲಿ ಹೆಚ್ಚು ಬಗೆಗಳಿವೆ ಎಂದು ನೋಡಿ ಅದರ ತವರನ್ನು ಗುರುತಿಸಲು ಹೊರಟದ್ದು ಹೇಗೆ ಎಂಬುದಕ್ಕೂ ಅರ್ಧ ಪುಟ ಸಿಗಲಿ ಎಂದು ಕೋರುತ್ತೇನೆ.

ಇಂತಿ,
ಸಸ್ಯತಳಿಶಾಸ್ತ್ರದ ಒಬ್ಬ ಅಧ್ಯಾಪಕಿ