ಬಾಯಲ್ಲಿ ಹೇಳುವ ರೇಟು ಬೇಡ, ಬರೆದು ಕೊಡಿ

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತಿದ್ದೇನೆ. ಮಾರ್ಕೆಟ್‌ನಿಂದ ತರಕಾರಿ, ಈರುಳ್ಳಿ ಮೂಟೆ ತರಲು 2012ರ ಮಾಡೆಲ್ ವ್ಯಾಗನ್ ಆರ್ ಇಟ್ಟುಕೊಂಡಿದ್ದೇನೆ. ಡ್ರೈವಿಂಗ್ ಕಲಿತಿದ್ದೇ 47ನೇ ವಯಸ್ಸಿನಲ್ಲಿ. ಗಾಡಿ ಓಡಿಸಲು ಬರುತ್ತೆ, ಬಾನೆಟ್ ಒಳಗೆ ಏನಿದೆ ಅಂತ ಮೊನ್ನೆ ಮೊನ್ನೆವರೆಗೂ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಅತ್ತೆಯವರ ಹರಕೆ ತೀರಿಸಲು ಕುಕ್ಕೆಗೆ ಹೋಗಿದ್ದೆವು. ಆಶ್ಲೇಷಾ ಬಲಿ ಮುಗಿಸಿ, ಪ್ರಸಾದ ಊಟ ಮಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಒಂದು ಟ್ಯಾಂಕರ್ ತೆವಳುತ್ತಿತ್ತು. ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟು. ಅತ್ತೆಗೆ ಸೆಕೆ ಅಂತ ಎಸಿ ಬೇರೆ ಹಾಕಿದ್ದೆ. ಮಾರನಹಳ್ಳಿ ಇನ್ನೂ ದೂರ ಇತ್ತು, ಬಾನೆಟ್ ಸಂದಿಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಬಂತು. ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಫೋನ್ ನೋಡಿದರೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ.

ಆ ಕಡೆಯಿಂದ ಇಳಿಯುತ್ತಿದ್ದ ಲಾರಿಯವರೊಬ್ಬರು ನಿಲ್ಲಿಸಿದರು. ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಗಿಡದ ಕೊಂಬೆ ಮುರಿದು ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಯಲ್ಲಿ ಹಾಕಿದರು. ನಾನು ಬಟ್ಟೆ ಹಿಡಿದುಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೆ. 'ಅಮ್ಮಾ, ಬೇಡ! ಮುಖ ಸುಟ್ಟು ಹೋಗುತ್ತೆ' ಅಂತ ಕೂಗಿದರು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ತಮ್ಮ ಕ್ಯಾನಿನ ನೀರು ಸುರಿದರು. ಸುರಿದ ನೀರು ಕೆಳಗೆ ಸೋರಿತು. 'ಎಲ್ಲೋ ಲೀಕ್ ಇದೆ. ಸ್ಟಾರ್ಟ್ ಮಾಡಬೇಡಿ, ಎಳೆಸ್ಕೊಂಡು ಹೋಗಿ' ಅಂದರು. ಚಹಾಕ್ಕೂ ದುಡ್ಡು ತಗೊಳ್ಳಲಿಲ್ಲ. ಅವರ ಹೆಸರು ಕೇಳಲಿಲ್ಲವಲ್ಲ ಅಂತ ಈಗ ಬೇಜಾರು.

ಆಮೇಲೆ ಒಂದು ಟೋಯಿಂಗ್ ಗಾಡಿ ಬಂತು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಸಕಲೇಶಪುರದ ಹತ್ತಿರ ಬಿಡಲು 6,000 ಅಂದರು. ಅಷ್ಟೇ ಹೊತ್ತಿಗೆ ಅತ್ತೆ ಬಾಗಿಲು ತೆಗೆದು ಕೆಳಗಿಳಿದರು. ಎಪ್ಪತ್ತೆಂಟರ ಮುದುಕಿ ಬಿಸಿಲಲ್ಲಿ ನಿಂತಿದ್ದು ನೋಡಿದ ಮೇಲೆ ರೇಟು ಇಳಿಯುತ್ತದೆ ಅಂದುಕೊಂಡೆ, ಟೋಯಿಂಗ್ ಗಾಡಿಯವರು ಇನ್ನೂ ಗಟ್ಟಿಯಾದರು. ಕೊನೆಗೆ 4,500ಕ್ಕೆ ಒಪ್ಪಿದರು. ಕ್ಯಾಶೇ ಬೇಕಂತೆ. ನನ್ನ ಪರ್ಸಿನಲ್ಲಿ ಇದ್ದದ್ದು 1,200. ಉಳಿದದ್ದನ್ನು ಅತ್ತೆ ಎಲೆ ಅಡಿಕೆ ಚೀಲದ ತಳದಿಂದ ತೆಗೆದು, ಒಂದೊಂದೇ ನೋಟು ಬಿಡಿಸಿ ಎಣಿಸಿ ಕೊಟ್ಟರು. ನೋಟಿಗೆಲ್ಲ ಸುಣ್ಣ ಅಂಟಿತ್ತು. ರಸೀದಿ ಕೇಳಿದೆ. ನಕ್ಕರು.

ಅವರೇ ಒಂದು ಗ್ಯಾರೇಜಿಗೆ ತಂದು ಬಿಟ್ಟರು. ಅಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ್ದರೆ ಜಾಸ್ತಿ. 'ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಕೆಳಗಿನ ಸೀಲು) ಹೋಗಿದೆ. ಹೆಡ್ ಇಳಿಸಬೇಕು, ಲೇತಿಗೆ ಕಳಿಸಬೇಕು. 28,000 ಆಗುತ್ತೆ. 10,000 ಅಡ್ವಾನ್ಸ್ ಕೊಟ್ಟು ಬಸ್ಸಲ್ಲಿ ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ.' ಏನೇನು ಕೆಲಸ, ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಿ ಅಂದೆ. 'ಬಿಚ್ಚಿದ ಮೇಲೆ ಗೊತ್ತಾಗೋದು ಮೇಡಂ. ಬಿಲ್ ಬೇಕಾದ್ರೆ ಜಿಎಸ್‌ಟಿ 18 ಪರ್ಸೆಂಟ್ ಸೇರುತ್ತೆ' ಅಂದರು.

ಇನ್ಶೂರೆನ್ಸ್ ಇದೆಯಲ್ಲ ಅಂತ ಒಂದು ಧೈರ್ಯ ಇತ್ತು ನನಗೆ. ಅದು ಬರೀ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ. ಫುಲ್ ಇನ್ಶೂರೆನ್ಸ್ ಇದ್ದರೂ ಗಾಡಿ ತಾನಾಗೇ ಕೆಟ್ಟರೆ ಅದರಲ್ಲಿ ರಿಪೇರಿ ಖರ್ಚು ಸಿಗುವುದಿಲ್ಲವಂತೆ.

ಹಾಸನದ ನಮ್ಮ ಮೆಕ್ಯಾನಿಕ್‌ಗೆ ವಿಡಿಯೋ ಕಾಲ್ ಮಾಡಿದೆ. 'ಅಕ್ಕಾ, ಯಾರೂ ಬಿಚ್ಚೋದು ಬೇಡ, ಮೊದಲು ಡಿಪ್‌ಸ್ಟಿಕ್ ಎಳೀರಿ, ಆಯಿಲ್ ನೋಡೋ ಕಡ್ಡಿ. ಆಯಿಲ್ ಹಾಲು ಹಾಕಿದ ಕಾಫಿ ತರ ಇದೆಯಾ? ಗ್ಯಾಸ್ಕೆಟ್ ಹೋಗಿದ್ರೆ ನೀರು ಸೇರಿ ಹಾಗಾಗುತ್ತೆ.' ಎಳೆದೆ. ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ತೋರಿಸಿದೆ. ಕಪ್ಪಗೆ, ಡಿಕಾಕ್ಷನ್ ತರ ಇತ್ತು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗಡೆ ನೋಡಿ ಅಂದ. ಅಲ್ಲೂ ಕೆನೆ ಕಟ್ಟಿರಲಿಲ್ಲ. ಸೈಲೆನ್ಸರ್‌ನಲ್ಲಿ ದಪ್ಪಗೆ ಬಿಳಿ ಹೊಗೆ ಬಂದಿತ್ತಾ? ಇಲ್ಲ. 'ಹಾಗಿದ್ರೆ ಹೆಡ್ ಬಿಚ್ಚೋಕೆ ಬಿಡಬೇಡಿ. ರೇಡಿಯೇಟರ್ ಮೇಲಿನ ಹೋಸ್ ನೋಡಿ, ಕ್ಲಿಪ್ ಹತ್ರ.' ನೋಡಿದರೆ ಕ್ಲಿಪ್ಪು ತುಕ್ಕು ಹಿಡಿದು ಬಾಯಿ ಬಿಟ್ಟಿದೆ. ಅದರ ಕೆಳಗೆ ರಬ್ಬರ್ ಹೋಸು ಉಗುರಿನಷ್ಟು ಸೀಳಿದೆ. ನೀರು ಹೋಗುತ್ತಿದ್ದದ್ದು ಅಲ್ಲಿಂದ.

ಅದೇ ಗ್ಯಾರೇಜಿನಲ್ಲಿ ಅದನ್ನು ಬದಲಾಯಿಸಿಕೊಂಡೆ. ಹೋಸ್ 380, ಕ್ಲಿಪ್ 40, ಕೂಲೆಂಟ್ 600, ಲೇಬರ್ 500. ಅದರ ಮೇಲೆ 'ಚೆಕ್ಕಿಂಗ್' ಅಂತ 1,000. ಒಟ್ಟು 2,520. ಆ ಲೆಕ್ಕವನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಗೀಚಿ ಕೊಟ್ಟರು. ಇಷ್ಟೂ ಗಲಾಟೆಯಲ್ಲಿ ನನ್ನ ಕೈಗೆ ಸಿಕ್ಕಿದ ಕಾಗದ ಅದೊಂದೇ. ಗಾಡಿ ಸಂಜೆಗೆ ಹಾಸನ ಸೇರಿತು. ಹೆಡ್ ಮುಟ್ಟಲಿಲ್ಲ, ಇವತ್ತಿಗೂ ಮೂಟೆ ಹೊರುತ್ತಿದೆ.

ಎಲ್ಲ ಗ್ಯಾರೇಜಿನವರೂ ಹೀಗೆ ಅಂತ ನಾನು ಹೇಳುವುದಿಲ್ಲ. ನನ್ನನ್ನು ಉಳಿಸಿದ್ದೂ ಒಬ್ಬ ಮೆಕ್ಯಾನಿಕ್ಕೇ. ಬಿಚ್ಚದೆ ತಿಳಿಯದ ರಿಪೇರಿಗಳೂ ಇರುತ್ತವೆ, ಒಪ್ಪುತ್ತೇನೆ. ಹಾಗಿದ್ದರೆ ಅದನ್ನೇ ಬರೆದು ಕೊಡಲಿ. ಬಿಚ್ಚಿ ನೋಡಲು ಇಷ್ಟು, ಮುಂದಿನದು ಫೋನ್ ಮಾಡಿ ಕೇಳಿದ ಮೇಲೆ. ನನ್ನ ಮೆಸ್ಸಿನಲ್ಲಿ ಊಟಕ್ಕೆ 70 ರೂಪಾಯಿ ಅಂತ ಬೋರ್ಡ್ ಇದೆ. ಹಸಿದು ಬಂದವರ ಮುಖ ನೋಡಿ 200 ಅಂದರೆ ಜನ ಸುಮ್ನೆ ಬಿಡುತ್ತಾರಾ?

ನಮ್ಮಲ್ಲಿ ಊಟಕ್ಕೆ ಬರುವ ವಕೀಲರೊಬ್ಬರಿಗೆ ಇದನ್ನೆಲ್ಲ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೇ ತಪ್ಪಂತೆ. ಸಹಾಯವಾಣಿ 1915ಕ್ಕೆ ಹೇಳಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗೆ ಫೀಸೂ ಇಲ್ಲ ಅಂದರು. 'ಏನಾದ್ರೂ ಪ್ರೂಫ್ ಇದೆಯಾ?' ಅಂತಲೂ ಕೇಳಿದರು. ಬಿಲ್ ಕೊಡಲಿಲ್ಲ ಅನ್ನೋದೇ ನನ್ನ ದೂರು, ಪ್ರೂಫ್ ಎಲ್ಲಿಂದ ತರಲಿ? ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದುಕೊಂಡರು.

ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033 ಅಂತ ಗೊತ್ತಾಗಿದ್ದೂ ಊರಿಗೆ ಬಂದ ಮೇಲೆ. ಗೊತ್ತಿದ್ದರೂ ಆ ತಿರುವಿನಲ್ಲಿ ಸಿಗ್ನಲ್ ಎಲ್ಲಿತ್ತು? ಆದ್ದರಿಂದ ಹೆದ್ದಾರಿಯವರಲ್ಲಿ, ಜಿಲ್ಲಾಡಳಿತದಲ್ಲಿ ನನ್ನ ಮನವಿ ಇಷ್ಟೇ. ಕೆಳಗೆ ಗುಂಡ್ಯದಲ್ಲೂ ಮೇಲೆ ದೋಣಿಗಾಲಿನಲ್ಲೂ, ಘಾಟಿ ಶುರುವಾಗುವ ಮೊದಲೇ, ದೊಡ್ಡ ಅಕ್ಷರದ ಕನ್ನಡ ಬೋರ್ಡ್ ಹಾಕಿಸಿ. ಅದರಲ್ಲಿ ಸಹಾಯವಾಣಿ ನಂಬರ್ ಇರಲಿ, ಕಾರು ಎಳೆಯಲು ಕಿಲೋಮೀಟರಿಗೆ ಎಷ್ಟು ಅನ್ನುವ ರೇಟೂ ಇರಲಿ. ಗ್ಯಾರೇಜುಗಳಲ್ಲಿ ಲೇಬರ್ ಚಾರ್ಜ್ ಪಟ್ಟಿ ಗೋಡೆ ಮೇಲಿರಲಿ, ತೆಗೆದ ಹಳೇ ಪಾರ್ಟು ಗಿರಾಕಿ ಕೈಗೆ ಕೊಡಲಿ.

ಮಳೆಗಾಲಕ್ಕೆ ಮೊದಲೇ ಆ ಬೋರ್ಡ್ ಬಂದರೆ ಒಳ್ಳೆಯದು. ಜೂನ್‌ನಲ್ಲಿ ಗುಡ್ಡದ ನೀರು ರಸ್ತೆ ಮೇಲೇ ಹರಿಯುವಾಗ, ಅಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲುವುದೂ ಕಷ್ಟ.

(ದಯವಿಟ್ಟು ಹೆಸರು ಹಾಕಬೇಡಿ. ಮುಂದಿನ ವರ್ಷವೂ ಅದೇ ಘಾಟಿಯಲ್ಲಿ ಕುಕ್ಕೆಗೆ ಹೋಗಬೇಕು.)

– ಒಬ್ಬ ಓದುಗರು, ಹಾಸನ