ಒಂದೇ ಹಾಡು ಸಾಕು, ಪುಟ್ಟಿ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಗೆ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ, ಮಾತು ಎಂದಿನಷ್ಟೇ ಇದೆ.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಒಂದು ತಿಂಗಳಿಂದ ನಿನ್ನ ಸ್ಯಾಕ್ಸೋಫೋನ್ ಪೆಟ್ಟಿಗೆಯಿಂದ ಆಚೆ ಬಂದಿಲ್ಲವಂತೆ. ಕೇಳಿದರೆ ಪರೀಕ್ಷೆ ಅನ್ನುತ್ತೀಯಂತೆ. ಪರೀಕ್ಷೆ ಮುಗಿದು ಹದಿನೈದು ದಿನ ಆಯಿತು. ಅದು ಅವಳಿಗೂ ಗೊತ್ತು, ಸುಮ್ನೆ ಇದ್ದಾಳೆ ಅಷ್ಟೆ.

ನನಗೆ ಕಾರಣ ಗೊತ್ತು. ಆ ರಾತ್ರಿ ನೀನೇ ಮೆಸೇಜ್ ಮಾಡಿದ್ದೆಯಲ್ಲ. ಎಲ್ಲರೂ ಸೇರಿ ತಯಾರಿಯಿಲ್ಲದೆ ನುಡಿಸುವ ಜಾಮ್ ಸೆಷನ್ನಿನಲ್ಲಿ ‘ಬಾಡಿ ಆ್ಯಂಡ್ ಸೋಲ್’ ಅನ್ನುವ ಜಾಜ್ ಹಾಡು ನುಡಿಸಲು ಹೋದೆ. ಸ್ಯಾಕ್ಸೋಫೋನಿನ ಕೋಲ್ಮನ್ ಹಾಕಿನ್ಸ್ ನುಡಿಸಿದ್ದನ್ನು ಒಂದು ಸ್ವರವೂ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದೆ. ನಡುವೆ ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಯಿತು, ಹಿಂದೆ ಕೂತ ಯಾರೋ ನಕ್ಕರು. ಅಂದು ನಾನು ‘ಪರವಾಗಿಲ್ಲ ಬಿಡು’ ಅಂತ ಎರಡು ಪದ ಕಳಿಸಿ ಮಲಗಿಬಿಟ್ಟೆ. ಅಷ್ಟು ಸಾಲದು ಅಂತ ಆಮೇಲೆ ಅನಿಸಿತು. ಅದಕ್ಕೇ ಈ ಕಾಗದ.

ಮೊದಲು ನಕ್ಕವರ ವಿಷಯ ಮುಗಿಸಿಬಿಡೋಣ. ಕಾನ್ಸಾಸ್ ಸಿಟಿಯಲ್ಲಿ ಬೆಳೆದ ಚಾರ್ಲಿ ಪಾರ್ಕರ್ ಅಂತ ಒಬ್ಬ ಹುಡುಗ. 1920ರಲ್ಲಿ ಹುಟ್ಟಿದವನು, ಮುಂದೆ ಜಾಜಿನಲ್ಲಿ ದೊಡ್ಡ ಹೆಸರಾದವನು. ಮೀಸೆ ಮೂಡುವ ವಯಸ್ಸಿಗೇ ಹೈ ಹ್ಯಾಟ್ ಅನ್ನುವ ಜಾಗದಲ್ಲಿ ದೊಡ್ಡವರ ಜೊತೆ ನುಡಿಸಲು ನಿಂತ. ಹಾಡು ಇದೇ, ‘ಬಾಡಿ ಆ್ಯಂಡ್ ಸೋಲ್’. ನಿಧಾನದ ಹಾಡು ಅದು. ಇವನು ಎರಡನೇ ಕಾಲಕ್ಕೆ ಓಡಿಸಲು ಹೋದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮನೆಗೆ ಹೋಗಿ ಅತ್ತುಬಿಟ್ಟೆ, ಮೂರು ತಿಂಗಳು ವಾದ್ಯ ಮುಟ್ಟಲಿಲ್ಲ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. 1940ರ ಸುಮಾರಿಗೆ ಅವನು ಒಬ್ಬನೇ ಆಲ್ಟೋ ಸ್ಯಾಕ್ಸೋಫೋನ್ ನುಡಿಸಿದ ಒಂದು ರೆಕಾರ್ಡಿಂಗ್ ಉಳಿದಿದೆ. ಪಿಯಾನೋ ಇಲ್ಲ, ಡ್ರಮ್ ಇಲ್ಲ. ‘ಹನಿಸಕಲ್ ರೋಸ್’ ನುಡಿಸುತ್ತಾ ಹಾಗೇ ಹೊರಳಿ ಎಲ್ಲಿಗೆ ಬರುತ್ತಾನೆ ಗೊತ್ತಾ? ಇದೇ ಹಾಡಿಗೆ. ಎಡವಿದ ಹೊಸ್ತಿಲಿಗೇ ವಾಪಸ್.

ಪಾರ್ಕರ್ ಲೆಕ್ಕದಲ್ಲಿ ನಿನಗೆ ಇನ್ನೂ ಎರಡು ತಿಂಗಳು ಬಾಕಿ ಇದೆ. ನಾನು ಅಷ್ಟು ಕಾಯುವುದಿಲ್ಲ, ನನಗೆ ಎಪ್ಪತ್ತಾಯಿತು.

ಈಗ ನನ್ನ ಪೆದ್ದುತನ ಹೇಳುತ್ತೇನೆ, ಕೇಳು. ಬ್ಯಾಂಕ್ ಕೆಲಸಕ್ಕೆ ಸೇರಿದ ಹೊಸತು. ಆಗ ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಕೊಟ್ಟರೆ ತುಂಬಿಸಿಕೊಡುವ ಅಂಗಡಿಗಳಿದ್ದವು. ನಾನು ಜಾಜ್ ಹಾಡುಗಳ ಪಟ್ಟಿ ಕೊಟ್ಟು ಬಂದಿದ್ದೆ. ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಹಾಕಿನ್ಸ್‌ನ ‘ಬಾಡಿ ಆ್ಯಂಡ್ ಸೋಲ್’, ಇನ್ನೊಂದರಲ್ಲಿ ಬಿಲ್ಲಿ ಹಾಲಿಡೇ ಹಾಡಿದ್ದು. ಮನೆಗೆ ತಂದು ಕೇಳಿದರೆ ಎರಡಕ್ಕೂ ಸಂಬಂಧವೇ ಇಲ್ಲ! ಸಿಟ್ಟು ಬಂತು. ತಪ್ಪು ಹಾಡು ತುಂಬಿಸಿ ದುಡ್ಡು ಹೊಡೆದಿದ್ದಾರೆ ಅಂತ ಜಗಳಕ್ಕೆ ಹೋದೆ.

ಅಂಗಡಿಯವರು ಜಗಳ ಆಡಲಿಲ್ಲ. ಹಾಲಿಡೇ ಹಾಡಿದ್ದನ್ನು ಒಂದು ಸಲ ಹಾಕಿದರು. ಆಮೇಲೆ ಕ್ಯಾಸೆಟ್ ತಿರುಗಿಸಿ ಹಾಕಿನ್ಸ್‌ನ ಹಾಕಿದರು. ಪಿಯಾನೋ ಶುರುವಾಯಿತು. ಸ್ಯಾಕ್ಸೋಫೋನ್ ಬರುತ್ತಿದ್ದ ಹಾಗೆ ಇವರು ಕೌಂಟರ್ ಮೇಲೆ ಬೆರಳು ತಟ್ಟುತ್ತಾ, ಹಾಲಿಡೇ ಹಾಡಿದ ಮಟ್ಟನ್ನು ಬಾಯಿ ಮುಚ್ಚಿಕೊಂಡು ಗುನುಗಲು ತೊಡಗಿದರು. ಹಾಕಿನ್ಸ್ ಎಲ್ಲೆಲ್ಲೋ ಹತ್ತುತ್ತಾನೆ, ಇಳಿಯುತ್ತಾನೆ. ಇವರ ಗುನುಗು ಮಾತ್ರ ನೆಲದ ಮೇಲೆ ನಡೆದುಕೊಂಡು ಹೋಗುತ್ತಿದೆ. ಎಲ್ಲೂ ತಿಕ್ಕಾಟವಿಲ್ಲ. ಎರಡು ಸಲ ಗುನುಗಿ ಮುಗಿಸುವ ಹೊತ್ತಿಗೆ ಹಾಕಿನ್ಸ್ ಕೂಡ ಮುಗಿಸುವ ತಯಾರಿಯಲ್ಲಿದ್ದ. ‘ಅದೇ ಹಾಡು ಸಾರ್’ ಅಂದರು. ನಾನು ಇನ್ನೆರಡು ಖಾಲಿ ಕ್ಯಾಸೆಟ್ ಕೊಂಡು ತೆಪ್ಪಗೆ ಮನೆಗೆ ಬಂದೆ.

ನಿನಗೆ ಹೇಳಬೇಕಾದ್ದು ಇದೇ. ನೀನು ಹಾಕಿನ್ಸ್‌ನನ್ನು ಕಲಿತೆ, ಹಾಡನ್ನು ಕಲಿಯಲಿಲ್ಲ. ಅವನು 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಅದನ್ನು ರೆಕಾರ್ಡ್ ಮಾಡಿದ. ಐದು ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ಊರಿಗೆ ಮರಳಿದ್ದ. ಮೂರು ನಿಮಿಷದ ಗ್ರಾಮಫೋನ್ ಪ್ಲೇಟು. ಜೀನ್ ರಾಡ್ಜರ್ಸ್‌ನ ಪಿಯಾನೋ ನಾಲ್ಕು ಬಾರ್ (ನಮ್ಮ ತಾಳದ ಆವರ್ತ ಇದ್ದ ಹಾಗೆ), ಆಮೇಲೆ ಕೊನೆಯವರೆಗೂ ಬರೀ ಹಾಕಿನ್ಸ್. ಮೊದಲ ಕೆಲವು ಸೆಕೆಂಡು ಮೂಲದ ಮಟ್ಟು ಕೇಳಿಸುತ್ತದೆ, ಅಷ್ಟೇ. ಮುಂದೆ ಎಲ್ಲ ಅವನದೇ ಮನೋಧರ್ಮ. ಇಂಥದ್ದು ಪೇಟೆಯಲ್ಲಿ ಓಡುತ್ತದೆ ಅಂತ ಯಾರು ಎಣಿಸಿದ್ದರು? ಮಟ್ಟೇ ಇಲ್ಲದ ಪ್ಲೇಟು ಜೋರಾಗಿ ಮಾರಾಟವಾಯಿತು. ಆಮೇಲೆ ಬದುಕಿಡೀ ಅವನು ಎಲ್ಲಿ ನಿಂತರೂ ಜನ ಅದನ್ನೇ ಕೇಳಿದರು.

ಅವನು ಮಟ್ಟನ್ನು ಬಿಡಬಹುದಿತ್ತು, ಯಾಕೆಂದರೆ ಅವನೊಳಗೆ ಅದು ನಡೆಯುತ್ತಲೇ ಇತ್ತು. ನಿನ್ನೊಳಗೆ ನಡೆಯುತ್ತಿರಲಿಲ್ಲ. ಅದಕ್ಕೇ ಒಂದು ಸ್ವರ ಮರೆತ ಕೂಡಲೇ ನಿಲ್ಲಲು ನೆಲ ಸಿಗಲಿಲ್ಲ.

ನೀನು ತಪ್ಪಿದ್ದು ಎಲ್ಲಿ ಅಂತಲೂ ನಾನು ಊಹಿಸಬಲ್ಲೆ. ನಡುವಿನ ಎಂಟು ಬಾರ್, ಅಲ್ವಾ? ಹಾಡು 32 ಬಾರಿನದು. ಎಂಟರ ಸಾಲು ಎರಡು ಸಲ, ಆಮೇಲೆ ಬೇರೆ ಎಂಟು, ಮತ್ತೆ ಮೊದಲಿನದೇ. ಆ ಬೇರೆ ಎಂಟಿನಲ್ಲಿ ಶ್ರುತಿಯನ್ನೇ ಎತ್ತಿ ಅರ್ಧ ಸ್ವರ ಮೇಲೆ ಇಟ್ಟುಬಿಡುತ್ತಾರೆ. ಡಿ ಫ್ಲ್ಯಾಟಿನಿಂದ ಡಿಗೆ. ನಾಲ್ಕು ಬಾರ್ ಅಲ್ಲಿದ್ದು, ಅಲ್ಲಿಂದ ಸಿಗೆ ಇಳಿದು, ಮೆಟ್ಟಿಲು ಮೆಟ್ಟಿಲಾಗಿ ಮನೆಗೆ ವಾಪಸ್. ನಿನ್ನ ಟೆನರ್ ಸ್ಯಾಕ್ಸೋಫೋನಿನಲ್ಲಿ ಸ್ವರದ ಹೆಸರು ಬೇರೆ, ಅಲ್ಲಿ ಅದು ಇ ಫ್ಲ್ಯಾಟು, ಇ, ಡಿ. ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ಸರಳೆ ವರಸೆ ಕಲಿತವಳು ನೀನು. ಶ್ರುತಿಪೆಟ್ಟಿಗೆ ನಡುವೆ ಯಾರೋ ತಿರುಗಿಸಿಬಿಟ್ಟರೆ ಹೇಗಾಗುತ್ತದೋ ಹಾಗೆ. ಈ ಹಾಡಿನ ಮಟ್ಟು ಬರೆದವನು ಜಾನಿ ಗ್ರೀನ್, 1930ರಲ್ಲಿ, ಗರ್ಟ್ರೂಡ್ ಲಾರೆನ್ಸ್ ಅನ್ನುವ ನಟಿ ಹಾಡಲಿ ಅಂತ. ನಾಟಕದವರ ಹಾಡಿಗೆ ಇಷ್ಟು ಕಷ್ಟದ ತಿರುವು ಯಾಕಿಟ್ಟ ಅಂತ ನಾನು ಬೈದುಕೊಂಡಿದ್ದುಂಟು. ಆದರೆ ಆ ತಿರುವಿಲ್ಲದಿದ್ದರೆ ಜಾಜಿನವರು ಇಷ್ಟು ವರ್ಷ ಇದನ್ನು ಹಿಡಿದುಕೊಂಡಿರುತ್ತಿರಲಿಲ್ಲ.

ಈಗ ಕೆಲಸ. ಎರಡು ವಾರ ಹಾಕಿನ್ಸ್ ಕೇಳಬೇಡ. 1940ರ ಫೆಬ್ರವರಿಯಲ್ಲಿ ಬಿಲ್ಲಿ ಹಾಲಿಡೇ ಹಾಡಿದ್ದನ್ನು ಕೇಳು. ಅವಳೂ ಬರೆದದ್ದನ್ನು ಬರೆದ ಹಾಗೆ ಹಾಡುವವಳಲ್ಲ. ಮೇಲಿನ ಸ್ವರಗಳನ್ನು ತಗ್ಗಿಸುತ್ತಾಳೆ, ತಾಳಕ್ಕಿಂತ ಹಿಂದೆ ಹಿಂದೆ ನಡೆಯುತ್ತಾಳೆ. ಆದರೂ ಹಾಡು ಕೈಗೆ ಸಿಗುತ್ತದೆ. ಮಾತನ್ನೂ ಕಲಿ. ಸ್ಯಾಕ್ಸೋಫೋನ್ ನುಡಿಸುವವರಿಗೆ ಮಾತು ಯಾಕೆ ಅಂತ ಕೇಳಬೇಡ. ಉಸಿರು ಎಲ್ಲಿ ತೆಗೆಯಬೇಕು ಅಂತ ಮಾತೇ ಹೇಳುತ್ತದೆ.

ಹಾಡು ಬಾಯಿಗೆ ಬಂದ ಮೇಲೆ ಹಾಕಿನ್ಸ್ ಹಾಕಿಕೊಂಡು ಜೊತೆಗೆ ಗುನುಗು, ನಮ್ಮ ಅಂಗಡಿಯವರ ಹಾಗೆ. ನಡುವಿನ ಎಂಟಕ್ಕೆ ಬಂದಾಗ ಬೆರಳೆತ್ತು. ತಪ್ಪಿದರೆ ಮತ್ತೆ ಮೊದಲಿನಿಂದ. ವಾದ್ಯ ಪೆಟ್ಟಿಗೆಯಲ್ಲೇ ಇರಲಿ, ಇದಕ್ಕೆ ಅದು ಬೇಕಿಲ್ಲ. ನಿಮ್ಮಮ್ಮನಿಗೂ ಗೊತ್ತಾಗುವುದಿಲ್ಲ.

ಆಮೇಲೆ ಇದೇ ಹಾಡು ಹಿಡಿದ ಉಳಿದವರ ಮನೆಗೆ ಹೋಗಿ ಬಾ. ಬೆನ್ನಿ ಗುಡ್‌ಮನ್‌ನ ಟ್ರಿಯೋ, ಅಂದರೆ ಮೂವರ ತಂಡ, 1935. ಗುಡ್‌ಮನ್ ಬಿಳಿಯ, ಪಿಯಾನೋದ ಟೆಡ್ಡಿ ವಿಲ್ಸನ್ ಕರಿಯ. ಆಗಿನ ಅಮೆರಿಕದಲ್ಲಿ ಒಂದೇ ವೇದಿಕೆ ಮೇಲೆ ಇಬ್ಬರೂ ಕೂರುವುದೇ ಅಪರೂಪ. ತಳದ ಸ್ವರ ಹಿಡಿಯುವ ಬೇಸ್ ವಾದ್ಯ ಇಲ್ಲ ಅನ್ನುವುದನ್ನು ಗಮನಿಸು. ವಿಲ್ಸನ್‌ನ ಎಡಗೈ ಮೇಲೆ ಕಿವಿ ಇಡು, ನಡುವಿನ ತಿರುವು ಅಲ್ಲಿ ಕನ್ನಡಿಯ ಹಾಗೆ ಕಾಣುತ್ತದೆ. 1938ರಲ್ಲಿ ಚು ಬೆರಿ, ರಾಯ್ ಎಲ್ಡ್ರಿಜ್ ಸೇರಿ ಮಾಡಿದ್ದನ್ನು ಮಾತ್ರ ತಪ್ಪಿಸಲೇಬೇಡ. ಬೆರಿ ಟೆನರಿನಲ್ಲಿ ನಿಧಾನಕ್ಕೆ ನುಡಿಸುತ್ತಾನೆ. ಎಲ್ಡ್ರಿಜ್ ಟ್ರಂಪೆಟ್ ಎತ್ತಿಕೊಂಡು ಸೀದಾ ಎರಡನೇ ಕಾಲಕ್ಕೆ ಹಾರುತ್ತಾನೆ. ಹುಡುಗ ಪಾರ್ಕರ್ ಬಿದ್ದು ನಗೆಪಾಟಲಾದ ಅದೇ ಜಾಗ. ಇವನು ಬೀಳುವುದಿಲ್ಲ, ಯಾರೂ ನಗುವುದಿಲ್ಲ. ಹಾಲಿಡೇ ಹಿಂದೆ ಟ್ರಂಪೆಟ್ ನುಡಿಸಿದವನೂ ಅವನೇ. ಅಲ್ಲಿ ಎಷ್ಟು ಸೌಮ್ಯ ಅಂತೀಯ!

ಕೋಲ್ಟ್ರೇನ್‌ನದು, 1960ರದ್ದು, ಅದೂ ಸ್ಯಾಕ್ಸೋಫೋನೇ, ಕೊನೆಗಿರಲಿ. ಅಲ್ಲಿ ಕೆಳಗೆ ಒಂದೇ ಸ್ವರ ತಂಬೂರಿಯ ಹಾಗೆ ನಿಂತಿರುತ್ತದೆ, ಮೇಲೆ ಮಕಾಯ್ ಟೈನರ್‌ನ ಪಿಯಾನೋ ಬಡಿಯುತ್ತಿರುತ್ತದೆ. ನನಗೆ ಮೊದಲು ಹಿಡಿಸಿರಲಿಲ್ಲ. ನಿಜ ಹೇಳಲಾ, ಆ ಕ್ಯಾಸೆಟ್ ಅಂಗಡಿಯಲ್ಲಿ ಅಷ್ಟೆಲ್ಲ ಆದಮೇಲೂ ಹಾಕಿನ್ಸ್‌ನದೇ ಕೊನೆ ಮಾತು ಅಂತ ಇಪ್ಪತ್ತು ವರ್ಷ ಹಟ ಹಿಡಿದು ಕೂತಿದ್ದೆ. ಆ ಹಟದಲ್ಲಿ 1978ರಲ್ಲಿ ಸಾರಾ ವಾನ್ ಹಾಡಿದ್ದು ಬಹಳ ತಡವಾಗಿ ಕಿವಿಗೆ ಬಿತ್ತು. ರೇ ಬ್ರೌನ್‌ನ ಬೇಸ್ ಒಂದೇ ಜೊತೆಗೆ, ಇನ್ನೇನೂ ಇಲ್ಲ. ಅಷ್ಟು ಬರಿದಾದ ಜಾಗದಲ್ಲಿ ಅಷ್ಟು ಧೈರ್ಯವಾಗಿ ಯಾರಾದರೂ ಓಡಾಡುತ್ತಾರಾ? ಯಾವುದು ಎಲ್ಲಕ್ಕಿಂತ ಚೆಂದ ಅಂತ ನೀನು ಕೇಳಿದ್ದೆಯಲ್ಲ, ಅದನ್ನು ಹೇಳದೆ ಇರುವುದಕ್ಕೆ ಇದೇ ಕಾರಣ. ಹೇಳಿದರೆ ನೀನೂ ಅಲ್ಲೇ ಕೂರುತ್ತೀಯ.

ಇನ್ನೊಂದು, ನಿನಗೆ ಗೊತ್ತಿರುವವಳೇ. ಏಮಿ ವೈನ್‌ಹೌಸ್. 2011ರ ಮಾರ್ಚಿನಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಟೋನಿ ಬೆನೆಟ್ ಜೊತೆ ಇದೇ ಹಾಡು ಹಾಡಿದಳು. ಅವನಿಗೆ 84, ಅವಳಿಗೆ 27. ಆ ದಿನದ ವಿಡಿಯೋ ಇದೆ. ಅಷ್ಟು ದೊಡ್ಡ ಗಾಯಕಿ, ಕೈಕಾಲು ಆಡದ ಹಾಗೆ ಹೆದರಿದ್ದಾಳೆ. ಮುದುಕ ಅವಸರ ಮಾಡುವುದಿಲ್ಲ. ಪಕ್ಕದಲ್ಲಿ ನಿಂತು ಸಮಾಧಾನವಾಗಿ ಮಾತಾಡಿಸುತ್ತಾನೆ, ಮತ್ತೆ ಹಾಡುತ್ತಾರೆ. ನಾಲ್ಕೇ ತಿಂಗಳಿಗೆ ಅವಳು ಹೋಗಿಬಿಟ್ಟಳು. ಆ ಹಾಡಿಗೆ ಗ್ರ್ಯಾಮಿ ಬಂದಾಗ ಅವಳಿರಲಿಲ್ಲ. ನೀನು ಆ ರಾತ್ರಿ ಮೆಸೇಜ್ ಮಾಡಿದಾಗ ನಾನು ಆ ಮುದುಕನ ಹಾಗೆ ಇರಬೇಕಿತ್ತು ಅನಿಸುತ್ತದೆ. ನಿದ್ದೆ ಬಂದಿತ್ತು ಕಣೆ.

ನಿಮ್ಮಮ್ಮ ಇನ್ನೊಂದು ಮಾತು ಹೇಳಿದಳು. ‘ಹೇಗೂ ಸ್ಯಾಕ್ಸೋಫೋನು, ಕದ್ರಿ ಗೋಪಾಲನಾಥರ ಹಾಗೆ ಕೀರ್ತನೆ ನುಡಿಸಬಾರದಾ?’ ಅಂತ. ಅವಳ ಜೊತೆ ವಾದ ಬೇಡ. ಗೋಪಾಲನಾಥರಿಗೆ ಆ ವಾದ್ಯದ ಹುಚ್ಚು ಹತ್ತಿದ್ದು ನಮ್ಮೂರಿನ ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ. ನಾದಸ್ವರದವರ ಮನೆ ಹುಡುಗ ಅದನ್ನು ತನ್ನ ಸಂಗೀತಕ್ಕೆ ಒಗ್ಗಿಸಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದರು. ಅದನ್ನೂ ಅಮ್ಮನಿಗೆ ಹೇಳು, ಕಾಲಾವಕಾಶ ಸಿಗುತ್ತದೆ.

ಮುಂದಿನ ತಿಂಗಳ ಮೊದಲ ಭಾನುವಾರ ನನಗೊಂದು ರೆಕಾರ್ಡಿಂಗ್ ಕಳಿಸು. ಬರೀ ಮಟ್ಟು. 32 ಬಾರ್, ಒಂದೇ ಸಲ, ನಿಧಾನಕ್ಕೆ. ಸ್ವಂತದ್ದು ಒಂದು ಸ್ವರವೂ ಸೇರಿಸಬೇಡ, ಹಾಕಿನ್ಸ್‌ನದೂ ಬೇಡ. ನಡುವೆ ನಿಂತುಹೋದರೆ ನಿಂತುಹೋದದ್ದನ್ನೇ ಕಳಿಸು. ಫೋನನ್ನು ವಾದ್ಯದ ಬಾಯಿಗೇ ಇಡಬೇಡ, ಹೋದ ಸಲ ಬರೀ ಗಾಳಿ ಕೇಳಿಸಿತು.

ಅತ್ತೆ ಚಟ್ನಿಪುಡಿ ಕಳಿಸಿದ್ದಾಳೆ. ಸ್ಟೀಲ್ ಡಬ್ಬ ವಾಪಸ್ ಬರಬೇಕಂತೆ, ಹೋದ ವರ್ಷದ್ದೂ ಸೇರಿ ಎರಡು.

ಇಂತಿ,
ನಿನ್ನ ಮಾವ